ಉಳಿಕೆ ಕಾಲಂನಲ್ಲಿ ಸೊನ್ನೆ

ಅವಳಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಶಾಲೆಗೆಲ್ಲ ಅವಳು ಚೂರಮ್ಮ. ಊಟ ಬಡಿಸುವ ಕಿಂಡಿಯಲ್ಲಿ ನಿಂತು, ಬಂದ ಮಗುವಿಗೆಲ್ಲ "ಇನ್ನೊಂದ್ ಚೂರು ಹಾಕ್ಲಾ?" ಎಂದು ಕೇಳಿ ಕೇಳಿ, ಯಾವುದೋ ವರ್ಷದ ಮಕ್ಕಳು ಕಟ್ಟಿದ ಹೆಸರು ಅದು. ಹೆಸರು ಕಟ್ಟಿದವರಿಗೆ ಮೀಸೆ ಬಂತು, ಮದುವೆಯಾಯಿತು, ಈಗ ಅವರ ಮಕ್ಕಳು ಅದೇ ಕಿಂಡಿಯ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಇಪ್ಪತ್ತಾರು ವರ್ಷ! ಅಷ್ಟು ವರ್ಷ ಒಂದೇ ಜಾಗದಲ್ಲಿ ನಿಂತು ದುಡಿದವರು ಪುರಸಭೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ, ನೋಡೋಣ.

ಅಡುಗೆಮನೆ ಅರಮನೆಯೇನಲ್ಲ. ಶಾಲೆಯ ಹಿಂಬದಿಯಲ್ಲಿ ಉದ್ದನೆಯ ಒಂದು ಕೋಣೆ, ಗೋಡೆಗೆ ಅರ್ಧದವರೆಗೆ ಬಿಳಿ ಟೈಲ್ಸು, ಜಿಡ್ಡು ಕಟ್ಟಿದ ಒಂದು ಫ್ಯಾನು, ಮೂರು ದೊಡ್ಡ ಗ್ಯಾಸ್ ಒಲೆ. ಆ ಮೂರು ಒಲೆಯಲ್ಲೇ ಇತ್ತು ಚೂರಮ್ಮನ ಗುಟ್ಟೆಲ್ಲ. ಮುನ್ನೂರ ನಲವತ್ತು ಮಕ್ಕಳಿಗೆ ಅವಳು ಒಂದೇ ಸಲ ಬೇಯಿಸಿಟ್ಟು ಕೈಕಟ್ಟಿ ಕೂರುತ್ತಿರಲಿಲ್ಲ. ಚಿಕ್ಕ ತರಗತಿಯವರ ಅನ್ನ ಇಳಿಸುವ ಹೊತ್ತಿಗೆ ನಡುವಿನವರದ್ದು ಕುದಿಯಬೇಕು, ನಡುವಿನವರು ಕೈ ತೊಳೆಯುವ ಹೊತ್ತಿಗೆ ದೊಡ್ಡವರ ನೀರು ಕಾದಿರಬೇಕು. ಕೊನೆಯ ಮಗುವಿನ ತಟ್ಟೆಯಲ್ಲೂ ಹಬೆ ಆಡಬೇಕು. ಆಡದಿದ್ದರೆ ಅವಳಿಗೆ ಅವತ್ತಿನ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬಡಿಸಿ ಮುಗಿದ ಮೇಲೆ ಅವಳು ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ ಹೋಗಿ ನಿಲ್ಲುವಳು. ಯಾರು ಏನು ಬಿಟ್ಟರು ಎಂದು ನೋಡಲಿಕ್ಕೆ. ಕ್ಯಾರೆಟ್ ಗುಡ್ಡೆ ಬಿದ್ದರೆ ಮರುದಿನ ಸಣ್ಣಗೆ ಹೆಚ್ಚುವಳು. ಬೇಳೆ ಬಿದ್ದರೆ ಉಪ್ಪು ನೋಡುವಳು. "ಮಕ್ಕಳು ಬಾಯಲ್ಲಿ ಸುಳ್ಳು ಹೇಳ್ತಾವೆ, ತಟ್ಟೇಲಿ ಹೇಳಲ್ಲ" ಎಂಬುದು ಅವಳ ಮಾತು. ಹೀಗೆ ನೋಡಿ ನೋಡಿ, ಹತ್ತು ಹದಿನೈದು ವರ್ಷದಿಂದ ಆ ತೊಟ್ಟಿಯ ಪಕ್ಕದ ಬಕೆಟ್ಟು ಖಾಲಿ. ದಿನದ ವರದಿ ಎಂದು ಪುರಸಭೆ ಕೊಟ್ಟ ಹಾಳೆಯಲ್ಲಿ ಐದು ಕಾಲಂ ಇದ್ದವು: ಮಕ್ಕಳು, ಅಕ್ಕಿ, ಬೇಳೆ, ತರಕಾರಿ, ಉಳಿಕೆ. ಕೊನೆಯ ಕಾಲಂನಲ್ಲಿ ಅವಳು ದಿನವೂ ದುಂಡಗೆ, ಮುದ್ದಾಗಿ, ಒಂದು ಸೊನ್ನೆ ಬರೆಯುವಳು. ಅದನ್ನು ಬರೆಯುವಾಗ ಅವಳ ಮುಖ ನೋಡಬೇಕಿತ್ತು.

ಅವಳ ಕೈಕೆಳಗೆ ಇದ್ದವಳು ಓರಗಿತ್ತಿ, ಎಂದರೆ ಮೈದುನನ ಹೆಂಡತಿ. ಬಾಯಿ ಸ್ವಲ್ಪ ಜೋರು, ಕೈ ಅದಕ್ಕಿಂತ ಜೋರು. ಚೂರಮ್ಮನ ಗಂಡ ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು, ಯಾರ ತಂಟೆಗೂ ಹೋಗದವನು. ಇನ್ನು ಆ ಗಂಡನಿಗೆ ಒಬ್ಬಳು ತಂಗಿ. ಸೇತುವೆಯಾಚೆಯ ಶಾಲೆಯಲ್ಲಿ ಅವಳೂ ಅಡುಗೆಯವಳೇ. ನಾದಿನಿ ಎಂದರೆ ಸುಮ್ಮನೆಯೇ? ಅದರಲ್ಲೂ ಒಂದೇ ಕಸುಬಿನ ನಾದಿನಿ! ಎರಡು ವರ್ಷದ ಹಿಂದೆ ಪುರಸಭೆಯವರು ಅವಳನ್ನು ವೇದಿಕೆ ಹತ್ತಿಸಿ 'ಉತ್ತಮ ಉಳಿಕೆಯ ಅಡುಗೆಮನೆ' ಎಂದು ಕಟ್ಟು ಹಾಕಿದ ಪ್ರಶಸ್ತಿ ಪತ್ರ ಕೊಟ್ಟಾಗ ಚೂರಮ್ಮ ಮೂಗು ಮುರಿದಿದ್ದಳು. ಉಳಿಕೆ ಉತ್ತಮ ಎಂದರೆ ಏನರ್ಥ ಎಂದು ಅವಳಿಗೆ ತಲೆಬುಡ ತಿಳಿದಿರಲಿಲ್ಲ. ನಾದಿನಿಯ ಬಕೆಟ್ಟೂ ಖಾಲಿಯಾಗಿರಬೇಕು ಅಂದುಕೊಂಡು, ಹೊಟ್ಟೆಕಿಚ್ಚನ್ನು ನುಂಗಿಕೊಂಡು ಸುಮ್ಮನಾಗಿದ್ದಳು.

ಹೀಗಿರುವಾಗ ಒಂದು ಸೋಮವಾರ ಮುಖ್ಯೋಪಾಧ್ಯಾಯಿನಿ ಕಾಗದವೊಂದನ್ನು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಮುಖ ಸಪ್ಪಗಿತ್ತು.

"ಚೂರಮ್ಮ, ಪುರಸಭೆಯಿಂದ ಬಂದಿದೆ. ನೀವು ಕೂತ್ಕೊಳ್ಳಿ, ಓದ್ತೀನಿ."

"ನಿಂತೇ ಕೇಳ್ತೀನಿ ಮೇಡಂ. ಕೂತ್ರೆ ಬೇಳೆ ತಳ ಹತ್ತುತ್ತೆ."

ಮೇಡಂ ಓದಿದರು. ಉಳಿಕೆಯಲ್ಲಿ ಸತತವಾಗಿ ಶೂನ್ಯ ಸಾಧನೆ ತೋರಿರುವ ಈ ಅಡುಗೆಮನೆಯನ್ನು ಮುಚ್ಚುವ ಪ್ರಸ್ತಾಪವಿದೆ. ಗುತ್ತಿಗೆದಾರರು ಹೊರಗಿನಿಂದ ಊಟವನ್ನು ಡಬ್ಬಿಗಳಲ್ಲಿ ವ್ಯಾನಿನ ಮೂಲಕ ತಂದುಕೊಡುವರು. ಇದರಿಂದ ಮಿಗುವ ಹಣವನ್ನು ಚೌಕದ ಬಣ್ಣದ ಕಾರಂಜಿಗೆ ಬಳಸಲಾಗುವುದು. ಆಕ್ಷೇಪಣೆ ಇದ್ದವರು ಗುರುವಾರದ ಸಭೆಗೆ ಬರಬಹುದು.

ಚೂರಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ಹೆದರಿಕೆಯಾಗಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅವಳಿಗೆ ಅರ್ಥವೇ ಆಗಿರಲಿಲ್ಲ.

"ಶೂನ್ಯ ಸಾಧನೆ ಅಂದ್ರೇನು ಮೇಡಂ? ಶೂನ್ಯ ಮಾಡೋದೇ ಅಲ್ವಾ ಸಾಧನೆ?"

ಮೇಡಂಗೂ ಗೊತ್ತಿರಲಿಲ್ಲ. ಓರಗಿತ್ತಿ ಮಾತ್ರ ಅಕ್ಕಿ ತೊಳೆಯುವುದನ್ನು ಬಿಟ್ಟು, "ಅದೇನೋ ಉತ್ತಮ ಉಳಿಕೆ ಅಂತ ನಿಮ್ಮ ನಾದಿನಿಗೆ ಕೊಟ್ರಲ್ಲ ಅಕ್ಕ, ಅವಳನ್ನೇ ಕೇಳಿ. ನಾವು ಮಾಡದೇ ಇರೋದನ್ನ ಅವಳೇನು ಕಿಸೀತಿದಾಳೆ ನೋಡ್ಕೊಂಡು ಬನ್ನಿ" ಎಂದಳು.

ಮಂಗಳವಾರ ಪಾತ್ರೆ ಕವುಚಿ ಹಾಕಿ ಚೂರಮ್ಮ ಸೇತುವೆ ದಾಟಿದಳು. ನಾದಿನಿಯ ಅಡುಗೆಮನೆಗೆ ಅವಳು ಕಾಲಿಟ್ಟು ಐದಾರು ವರ್ಷವಾಗಿರಬೇಕು. ಒಳಗೆ ಹೋದವಳಿಗೆ ಮೊದಲು ಕಂಡದ್ದು ಒಲೆ. ಎರಡರಲ್ಲಿ ಒಂದು ಕೆಟ್ಟು ನಿಂತು, ಅದರ ಮೇಲೆ ಈರುಳ್ಳಿ ಬುಟ್ಟಿ ಕೂತಿತ್ತು. ಆಮೇಲೆ ಕಂಡದ್ದು ಬಕೆಟ್ಟು. ನಾದಿನಿ ಅದನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ, ಮುಳ್ಳು ನೋಡಿ, ಹಾಳೆಯ ಕೊನೆಯ ಕಾಲಂನಲ್ಲಿ 'ಹದಿನಾಲ್ಕು ಕೇಜಿ' ಎಂದು ಬರೆಯುತ್ತಿದ್ದಳು. ಬಕೆಟ್ಟಿನಲ್ಲಿ ಹೆಪ್ಪುಗಟ್ಟಿದ ಅನ್ನ.

"ಇದೇನೇ, ಮಕ್ಕಳು ಬಿಟ್ಟ ಅನ್ನಾನಾ ಉಳಿಕೆ ಅಂತ ಬರೀತಿದೀಯಾ?"

"ಮತ್ತೆ? ನೀವೇನು ಬರೀತೀರಿ ಅತ್ತಿಗೆ?"

"ನಾನೂ ಅದನ್ನೇ. ಸೊನ್ನೆ."

ನಾದಿನಿ ಬಗ್ಗಿ ಬಕೆಟ್ಟಿನ ಹಿಡಿಕೆ ಸರಿ ಮಾಡಿದಳು. "ಚಹಾ ಮಾಡ್ಲಾ?" ಎಂದಳು. ಎಂದೂ ಕೇಳದವಳು.

ಚೂರಮ್ಮನಿಗೆ ಆಗ ತಲೆಯಲ್ಲಿ ದೀಪ ಹತ್ತಿತು. ಉಳಿಕೆ ಎಂದರೆ ಅಡುಗೆಯವರಿಗೆ ಪಾತ್ರೆಯಲ್ಲಿ ಮಿಕ್ಕಿದ್ದು. ಪುರಸಭೆಯವರಿಗೆ ಉಗ್ರಾಣದಲ್ಲಿ ಮಿಗಿಸಿದ್ದು! ಕೊಟ್ಟ ಅಕ್ಕಿಬೇಳೆಯಲ್ಲಿ ಎಷ್ಟು ಉಳಿಸಿದಿರಿ ಎಂದು ಅವರು ಕೇಳಿದರೆ, ಮಕ್ಕಳು ಎಷ್ಟು ಬಿಸಾಡಿದರು ಎಂದು ಇವರು ಬರೆದು ಕಳಿಸಿದ್ದಾರೆ. ವರ್ಷಗಟ್ಟಲೆ! ದಿನಕ್ಕೆ ಹದಿನಾಲ್ಕು ಕೇಜಿ ಚರಂಡಿಗೆ ಸುರಿದವಳಿಗೆ ಚಪ್ಪಾಳೆ, ಒಂದು ಅಗಳೂ ಬಿಡದ ಹಾಗೆ ಉಣ್ಣಿಸಿದವಳಿಗೆ ಬೀಗ. ಒಬ್ಬರೂ, ಆ ಕಚೇರಿಯಲ್ಲಿ ಒಬ್ಬರೂ, ಹದಿನಾಲ್ಕು ಕೇಜಿ ಉಳಿದದ್ದಾದರೆ ಅದು ಎಲ್ಲಿ ಹೋಯಿತು ಎಂದು ಕೇಳಲಿಲ್ಲವಲ್ಲ, ಅವರ ತಲೆಯಲ್ಲಿ ಏನಿತ್ತು?

ಚಹಾ ಕುಡಿಯದೆ ಚೂರಮ್ಮ ಎದ್ದುಬಂದಳು. ಸೇತುವೆಯ ಮೇಲೆ ನಡೆಯುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ತನ್ನ ಅಡುಗೆಮನೆ ಉಳಿಯಿತು. ಗುರುವಾರ ಹೋಗಿ ಬಾಯಿ ಬಿಟ್ಟರೆ ಸಾಕು. ಆ ಕಟ್ಟು ಹಾಕಿದ ಪತ್ರ ಮಣ್ಣುಪಾಲು. ನಾದಿನಿಯ ಅಡುಗೆಮನೆಗೇ ಬೀಗ ಬೀಳುತ್ತದೆ ಎಂಬುದೂ ಹೊಳೆಯಿತು. ಹೊಳೆದ ಮೇಲೂ ಅವಳು ನಗುತ್ತಲೇ ಇದ್ದಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಂಜೆ ಗಂಡನಿಗೆ ಹೇಳಿದಳು. ಅವನು ಚಕ್ರದ ಕಡ್ಡಿ ಬಿಗಿಯುವುದನ್ನು ನಿಲ್ಲಿಸಿ ಯೋಚನೆ ಮಾಡಿದ.

"ನೀನು ಹೇಳಿದ್ರೆ ನನ್ನ ತಂಗಿ ಕೆಲಸ ಹೋಗುತ್ತೆ. ಹೇಳದಿದ್ರೆ ನನ್ನ ಹೆಂಡತಿ ಕೆಲಸ ಹೋಗುತ್ತೆ. ನನ್ನ ಕೇಳ್ಬೇಡ ಮಾರಾಯ್ತಿ, ನನಗೆ ಪಂಚರ್ ಹಾಕೋದು ಬಿಟ್ರೆ ಏನೂ ಗೊತ್ತಿಲ್ಲ."

"ನಿಮ್ಮನ್ನ ಕೇಳಿದ್ದು ಯಾರು? ಹೇಳಿದೆ ಅಷ್ಟೆ."

"ಹಾಗಾದ್ರೆ ಒಂದು ಮಾತು. ಆ ಕೆಟ್ಟ ಒಲೆ ಎಷ್ಟು ದಿನದಿಂದ ಹಾಗೇ ಇದೆ?"

ಚೂರಮ್ಮನಿಗೆ ಗೊತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ತರಕಾರಿಯವನ ಬಾಯಿಂದ ಗೊತ್ತಾಯಿತು: ನಾಲ್ಕು ವರ್ಷ. ಒಂದೇ ಒಲೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಬೇಕೆಂದರೆ ಎಂಟು ಗಂಟೆಗೇ ಅನ್ನ ಇಳಿಯಬೇಕು, ಆಮೇಲೆ ಬೇಳೆ, ಆಮೇಲೆ ತರಕಾರಿ. ಹನ್ನೆರಡೂವರೆಗೆ ಮಕ್ಕಳು ತಟ್ಟೆ ಹಿಡಿಯುವಾಗ ಅನ್ನ ಇಳಿದು ನಾಲ್ಕೂವರೆ ತಾಸು. ಯಾರು ತಿಂದಾರು? ಅವಳು ಹೆಚ್ಚುತ್ತಿದ್ದ ಎಲೆಕೋಸನ್ನು ಅಷ್ಟಕ್ಕೇ ಬಿಟ್ಟಳು. ನಿನ್ನೆಯ ನಗು ಎಲ್ಲಿ ಹೋಯಿತೋ.

ಗುರುವಾರ ಸಭೆಯ ಕೋಣೆ ತುಂಬಿತ್ತು. ಉದ್ದನೆಯ ಮೇಜಿನ ಹಿಂದೆ ಅಧ್ಯಕ್ಷೆ, ಸದಸ್ಯರು, ಲೆಕ್ಕಾಧಿಕಾರಿ. ಆ ಅಧಿಕಾರಿಯನ್ನು ಅಡುಗೆಯವರೆಲ್ಲ ಕಾಲಂ ಸಾಹೇಬರು ಎನ್ನುತ್ತಿದ್ದರು, ಒಂದು ಕಾಲಂ ಖಾಲಿ ಬಿಟ್ಟರೂ ಹಾಳೆ ವಾಪಸ್ಸು ಕಳಿಸುವವರಾದ್ದರಿಂದ. ಎದುರಿಗೆ ಎರಡೂ ಶಾಲೆಯ ಹೆತ್ತವರು, ಅವರ ನಡುವೆ ಓರಗಿತ್ತಿ, ಒಂದು ಮೂಲೆಯಲ್ಲಿ ನಾದಿನಿ. ಗೋಡೆಯ ಮೇಲೆ ಕಾರಂಜಿಯ ಬಣ್ಣಬಣ್ಣದ ಚಿತ್ರ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

ಚೂರಮ್ಮ ಎದ್ದು ನಿಂತು, ಉಳಿಕೆ ಎಂದರೆ ಏನೆಂದು ತಿಳಿದು ಸೊನ್ನೆ ಬರೆದದ್ದು ಎಂಬುದನ್ನು ಹೇಳಿದಳು. ಎರಡೇ ನಿಮಿಷ. ಕಾಲಂ ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು.

"ಅಂದ್ರೆ... ಎಲ್ಲಾ ಶಾಲೆಯವರೂ ಹೀಗೇ ಬರೆದಿದ್ದಾರಾ?"

"ಸ್ವಾಮಿ, ಅಡುಗೆಯವರನ್ನ ಉಳಿಕೆ ಎಷ್ಟು ಅಂತ ಕೇಳಿದ್ರೆ ಪಾತ್ರೆ ನೋಡ್ತಾರೆ. ಇನ್ನೇನು ನೋಡ್ತಾರೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷೆ ನಗಲಿಲ್ಲ. ಚುರುಕಾದ ಹೆಂಗಸು, ತಪ್ಪನ್ನು ಎಳೆದಾಡುವವರಲ್ಲ. ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡು ಒಂದು ಗೆರೆ ಹಾಕಿದರು.

"ತಪ್ಪು ನಮ್ಮದೇ. ನಿಮ್ಮ ಅಡುಗೆಮನೆ ಮುಚ್ಚೋದಿಲ್ಲ. ಆದ್ರೆ ಕಾರಂಜಿಗೆ ಈ ವರ್ಷ ಒಂದು ಅಡುಗೆಮನೆ ಹಣ ಬೇಕೇ ಬೇಕು, ಅದು ತೀರ್ಮಾನ ಆಗಿದೆ. ಹದಿನಾಲ್ಕು ಕೇಜಿ ಬಿಸಾಡೋ ಕಡೆ ಮುಚ್ಚೋದು ನ್ಯಾಯ. ಸೇತುವೆ ಆಚೆದು ಬರ್ಕೊಳ್ಳಿ."

ಮುಗಿಯಿತು. ಬಂದ ಕೆಲಸ ಆಗಿಹೋಯಿತು. ಚೂರಮ್ಮ ಕೈಚೀಲ ಎತ್ತಿಕೊಂಡು ಮನೆಗೆ ಹೋದರೆ ಅವಳನ್ನು ಕೇಳುವವರಿರಲಿಲ್ಲ. ಮೂಲೆಯಲ್ಲಿ ನಾದಿನಿ ನೆಲ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಆ ಶಾಲೆಯ ಹೆತ್ತವರು, ಇಷ್ಟು ದಿನ ತಣ್ಣನೆಯ ಅನ್ನ ತಿಂದದ್ದು ಸಾಲದು ಎಂಬಂತೆ ಇನ್ನು ಡಬ್ಬಿಯದ್ದು ತಿನ್ನಬೇಕಾದ ಮಕ್ಕಳ ತಂದೆತಾಯಿಗಳು. ಚೂರಮ್ಮ ಕೂರಲೂ ಇಲ್ಲ, ಹೋಗಲೂ ಇಲ್ಲ.

"ಅಲ್ಲಿ ಅಡುಗೆ ಕೆಟ್ಟಿಲ್ಲ ಮೇಡಂ, ಒಲೆ ಕೆಟ್ಟಿದೆ. ನಾಲ್ಕು ವರ್ಷ ಆಯ್ತು. ಒಂದು ಒಲೆ ಹಾಕಿಸಿ ಕೊಡಿ."

"ಅದಕ್ಕೆ ಹಣ ಎಲ್ಲಿದೆ ಚೂರಮ್ಮ?"

"ಗೋಡೆ ಮೇಲಿದೆಯಲ್ಲ," ಎಂದು ಅವಳು ಕಾರಂಜಿಯ ಚಿತ್ರ ತೋರಿಸಿದಳು. "ಕಾರಂಜಿ ಬೇಡ ಅಂತ ಅಲ್ಲ. ಆದ್ಮೇಲೆ ನಾನೂ ಬಂದು ನೋಡ್ತೀನಿ, ನಮ್ಮ ಮನೆಯವರನ್ನೂ ಕರ್ಕೊಂಡು ಬರ್ತೀನಿ. ಆದ್ರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಒಂದಿರುತ್ತಲ್ಲ? ಮನೇಲಿ ಮಕ್ಕಳಿಗೆ ಬಡಿಸಿ ಆಮೇಲೆ ತಾನೇ ನೀವೂ ಸೀರೆ ಅಂಗಡಿಗೆ ಹೋಗೋದು?"

ಈ ಸಲ ನಕ್ಕವರು ಒಬ್ಬಿಬ್ಬರಲ್ಲ. ಅಧ್ಯಕ್ಷೆಯ ತುಟಿಯೂ ಸ್ವಲ್ಪ ಸಡಿಲವಾಯಿತು. "ಒಲೆ ಇಟ್ಟ ತಕ್ಷಣ ಮಕ್ಕಳು ತಿಂದೇಬಿಡ್ತಾರೆ ಅಂತ ಏನು ಗ್ಯಾರಂಟಿ?" ಎಂದರು.

ಗ್ಯಾರಂಟಿ! ಇಪ್ಪತ್ತಾರು ವರ್ಷದಲ್ಲಿ ಅವಳನ್ನು ಯಾರೂ ಗ್ಯಾರಂಟಿ ಕೇಳಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ನಾನೇ ಗ್ಯಾರಂಟಿ. ಒಂದು ತಿಂಗಳು ಕೊಡಿ. ನನ್ನ ಮೂರು ಒಲೇಲಿ ಒಂದನ್ನ ಅವಳಿಗೆ ಕೊಡ್ತೀನಿ. ಆ ತಿಂಗಳಲ್ಲಿ ಯಾವತ್ತು ಬೇಕಾದ್ರೂ, ಹೇಳದೆ ಕೇಳದೆ ಬಂದು ಬಕೆಟ್ ತೂಗಿ. ಐದು ಕೇಜಿ ದಾಟಿದ್ರೆ ಅವಳದ್ದೂ ಮುಚ್ಚಿ, ನನ್ನದೂ ಮುಚ್ಚಿ. ದಾಟದಿದ್ರೆ ಯಾವುದನ್ನೂ ಮುಟ್ಟಬೇಡಿ."

ನಾದಿನಿ ತಲೆ ಎತ್ತಿ ನೋಡಿದಳು.

"ಮತ್ತೆ ಕಾರಂಜಿ?" ಎಂದರು ಕಾಲಂ ಸಾಹೇಬರು.

"ಅದು ಒಂದು ತಿಂಗಳು ಕಾಯುತ್ತೆ ಸ್ವಾಮಿ. ಅದಕ್ಕೇನು ಹೊಟ್ಟೆ ಹಸಿಯುತ್ತಾ?"

ಎದುರಿಗಿದ್ದ ಹೆತ್ತವರ ಮುಖಗಳನ್ನು ಅಧ್ಯಕ್ಷೆ ಒಂದು ಸಲ ನೋಡಿ, "ಸರಿ, ಒಂದು ತಿಂಗಳು" ಎಂದರು.

ಹೊರಗೆ ಮೆಟ್ಟಿಲ ಮೇಲೆ ಓರಗಿತ್ತಿ ಅವಳನ್ನು ಹಿಡಿದು ನಿಲ್ಲಿಸಿದಳು. "ಅಕ್ಕ, ನಿಮ್ಮ ಕೆಲಸ ನೀವು ಪಣಕ್ಕೆ ಇಟ್ರಿ, ಸಂತೋಷ. ಅದರ ಜೊತೆ ನನ್ನದನ್ನೂ ಇಟ್ರಲ್ಲ, ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ?"

ಚೂರಮ್ಮನಿಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. "ಬಾಯಿಗೆ ಬಂದುಬಿಡ್ತು ಕಣೆ. ತಪ್ಪಾಯ್ತು."

"ಬಂದಿದ್ದು ಬಂತು. ಇನ್ನು ಗೆಲ್ಲದಿದ್ರೆ ನಿಮ್ಮನೇಲೇ ಬಂದು ಉಣ್ತೀನಿ, ಮೂರು ಹೊತ್ತೂ," ಎಂದು ಓರಗಿತ್ತಿ ಒಲೆ ಬಿಚ್ಚಲು ಸ್ಪ್ಯಾನರ್ ತರಲು ಹೋದಳು.

ಚೂರಮ್ಮನ ಗಂಡ ಒಲೆಯನ್ನು ತಳ್ಳುಗಾಡಿಯಲ್ಲಿ ಸಾಗಿಸಿದ. ಅದೇನೋ ಸುಲಭವಾಗಿ ಆಯಿತು. ನಾದಿನಿಯ ತಲೆಯೊಳಗೆ ಒಂದು ಮಾತು ಸಾಗಿಸುವುದು ಮಾತ್ರ ಬೆವರಿಳಿಸಿತು. ಮೊದಲ ದಿನ ಎರಡು ಒಲೆ ಉರಿಯುತ್ತಿದ್ದರೂ ಅವಳು ಹಳೇ ರೂಢಿಯಂತೆ ಒಂಬತ್ತಕ್ಕೆಲ್ಲ ಅಡುಗೆ ಮುಗಿಸಿ ಮುಚ್ಚಿಟ್ಟಳು. ಉಳಿದದ್ದು ಹದಿಮೂರು ಕೇಜಿ. ಬೆಳಗಿನ ಐದಕ್ಕೆ ಬಂದು ಅಕ್ಕಿ ಅಳೆದುಕೊಟ್ಟು ತನ್ನ ಶಾಲೆಗೆ ಓಡಿದ್ದ ಚೂರಮ್ಮ ಮಧ್ಯಾಹ್ನ ತಿರುಗಿ ಬಂದು ಬಕೆಟ್ಟು ನೋಡಿ ಹಲ್ಲು ಕಡಿದಳು.

"ಎರಡನೇ ಪಾತ್ರೆ ಊಟದ ಗಂಟೆ ಹೊಡೆದ ಮೇಲೆ ಇಳೀಬೇಕು ಅಂತ ಹೇಳಿರಲಿಲ್ವಾ?"

"ಅಷ್ಟು ಹೊತ್ತಿಗೆ ಬೇಯದಿದ್ರೆ? ಮಕ್ಕಳು ಸಾಲಲ್ಲಿ ನಿಂತಿರ್ತಾವೆ. ನೀವು ಒಲೆ ಕೊಟ್ಟಿದ್ದೀರಿ ಅತ್ತಿಗೆ, ಧೈರ್ಯ ಕೊಟ್ಟಿಲ್ಲ."

ಅವಳ ಮಾತಿನಲ್ಲಿ ಸತ್ಯವಿತ್ತು. ಬಿಸಿ ಬಡಿಸುವುದೆಂದರೆ ಗಡಿಯಾರದ ಜೊತೆ ಜೂಜಾಡಿದಂತೆ. ಚೂರಮ್ಮ ಅವಳನ್ನು ಬಯ್ಯುವುದು ನಿಲ್ಲಿಸಿ, ಮರುದಿನ ತನ್ನ ಕಿಂಡಿಯನ್ನು ಓರಗಿತ್ತಿಗೆ ಒಪ್ಪಿಸಿ ಬಂದು, ತೊಟ್ಟಿಯ ಪಕ್ಕ ಜೊತೆಯಲ್ಲಿ ನಿಲ್ಲಿಸಿಕೊಂಡಳು. ಒಂದು ಪುಟ್ಟ ಹುಡುಗಿ ತಟ್ಟೆಯನ್ನು ಬಕೆಟ್ಟಿನ ಮೇಲೆ ಬೋರಲು ಹಾಕಿದಳು. ಅನ್ನ ಬೀಳಲಿಲ್ಲ, ತಟ್ಟೆಗೇ ಅಂಟಿಕೊಂಡಿತ್ತು. ಹುಡುಗಿ ತಟ್ಟೆಯ ಹಿಂಬದಿಗೆ ಟಪಟಪ ಬಡಿದಳು. ನಾದಿನಿ ಅದನ್ನು ನೋಡಿದಳು. ಇಷ್ಟು ವರ್ಷ ಅವಳು ಬಕೆಟ್ಟನ್ನು ತೂಗಿದ್ದಳೇ ಹೊರತು ತುಂಬುವುದನ್ನು ನೋಡಿರಲಿಲ್ಲ. ಕಿಂಡಿಯಲ್ಲಿ ಬಡಿಸಲು ಬೇರೆ ಹೆಂಗಸಿದ್ದಳು, ನಾದಿನಿ ಒಳಗೇ ಇರುತ್ತಿದ್ದಳು.

ಆಮೇಲಿಂದ ಅವಳು ಗಡಿಯಾರಕ್ಕೆ ಕಣ್ಣು ನೆಟ್ಟು ಅಡುಗೆ ಮಾಡಿದಳು. ಹತ್ತು ಕೇಜಿ, ಎಂಟು, ಒಂದು ದಿನ ಮತ್ತೆ ಹನ್ನೊಂದು, ಆಮೇಲೆ ಆರು. ಇತ್ತ ಎರಡೇ ಒಲೆ ಉಳಿದ ಚೂರಮ್ಮನ ಕಡೆ ದೊಡ್ಡ ತರಗತಿಯವರಿಗೆ ಊಟ ಕಾಲು ಗಂಟೆ ತಡವಾಗತೊಡಗಿತು. ಓರಗಿತ್ತಿ ಬೆವರಲ್ಲಿ ನೆಂದು ಗೊಣಗಿದಳು. ಒಂದು ದಿನ ಈ ಕಡೆಯ ಬಕೆಟ್ಟಿನಲ್ಲೂ ಎರಡು ಕೇಜಿ ಬಿತ್ತು. ಆ ಹಾಳೆಯಲ್ಲಿ ಎರಡು ಎಂದು ಬರೆಯುವಾಗ ಚೂರಮ್ಮನಿಗೆ ಅಳು ಬಂತು, ಅತ್ತಳು ಕೂಡ. ಯಾಕೆ ಅಳಬಾರದು?

ಮೂರನೇ ವಾರದ ಬುಧವಾರ, ಅವಳು ಕಿಂಡಿಯಲ್ಲಿ ಬಡಿಸುತ್ತಿದ್ದಾಗ ಮೇಡಂ ಓಡಿಬಂದರು. "ಸೇತುವೆ ಆಚೆ ಶಾಲೆಯಿಂದ ಫೋನು! ಅಧ್ಯಕ್ಷರು ತಕ್ಕಡಿ ಹಿಡ್ಕೊಂಡು ಬಂದಿದಾರಂತೆ!"

ಅವತ್ತು ಬೆಳಿಗ್ಗೆ ಚೂರಮ್ಮ ಅಲ್ಲಿಗೆ ಹೋಗಿರಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು. ನಾದಿನಿ ಒಬ್ಬಳೇ. ಸೌಟನ್ನು ಓರಗಿತ್ತಿಯ ಕೈಗೆ ತುರುಕಿ ಬೀದಿಯ ತುದಿಯವರೆಗೆ ಕುಂಟುತ್ತಾ ಹೋಗಿ, ಗಂಡನ ಮುಂದೆ ನಿಂತಳು.

"ಸೈಕಲ್ ತೆಗೀರಿ."

"ಯಾವುದು? ಎಲ್ಲ ರಿಪೇರಿಗೆ ಬಂದಿರೋದು."

"ಓಡೋದು ಯಾವುದಾದ್ರೂ ಒಂದಿದೆಯೋ ಇಲ್ವೋ ನಿಮ್ಮ ಅಂಗಡೀಲಿ!"

ಯಾರದೋ ಬ್ರೇಕಿಲ್ಲದ ಸೈಕಲ್ಲಿನ ಹಿಂದೆ ಕೂತು ಅವಳು ಸೇತುವೆ ದಾಟಿದಳು. ಐವತ್ತೆರಡರ ಹೆಂಗಸು, ಏಪ್ರನ್ ಸಮೇತ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನೋಡಲಿ. ಗಂಡ ಏದುಸಿರು ಬಿಡುತ್ತಾ, "ಇಪ್ಪತ್ತಾರು ವರ್ಷ ಇನ್ನೊಂದ್ ಚೂರು, ಇನ್ನೊಂದ್ ಚೂರು ಅಂತ ಮಕ್ಕಳಿಗೆ ಹಾಕಿದ್ದು ಸಾಲ್ದು ಅಂತ ನೀನೂ ತಿಂದಿದ್ದೀಯ" ಎಂದ. ಅವಳು ಬೆನ್ನಿಗೊಂದು ಗುದ್ದಿದಳು.

ಅಡುಗೆಮನೆಯಲ್ಲಿ ಅಧ್ಯಕ್ಷೆ ಕುರ್ಚಿಯಲ್ಲಿ ಕೂತಿದ್ದರು. ಕಾಲಂ ಸಾಹೇಬರು ತೋಳು ಮಡಚಿ ನಿಂತಿದ್ದರು. ನಾದಿನಿ ಗೋಡೆಗೆ ಒರಗಿದ್ದಳು. ಕೊನೆಯ ಮಗು ತಟ್ಟೆ ತೊಳೆದು ಹೋಗುವವರೆಗೆ ಎಲ್ಲರೂ ಕಾದರು. ಆಮೇಲೆ ಸಾಹೇಬರು ಬಕೆಟ್ಟನ್ನು ತಾವೇ ಕೊಕ್ಕೆಗೆ ಸಿಕ್ಕಿಸಿ ಎತ್ತಿದರು. ಮುಳ್ಳು ಅಲ್ಲಾಡಿತು. ಅಲ್ಲಾಡಿ ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಮೂರೂವರೆ."

"ಕೇಜಿ?" ಎಂದಳು ನಾದಿನಿ, ಬೇರೆ ಏನೋ ಇರಬಹುದೆಂಬಂತೆ.

"ಕೇಜಿನೇ ಅಮ್ಮ, ಕೇಜಿನೇ."

ಅಧ್ಯಕ್ಷೆ ಎದ್ದು ನಿಂತರು. ಮಾತಿಗೆ ತಪ್ಪುವವರಲ್ಲ. ಎರಡೂ ಅಡುಗೆಮನೆ ಇರುತ್ತವೆ, ವ್ಯಾನಿನ ಗುತ್ತಿಗೆ ಇಲ್ಲ, ಒಂದು ಹೊಸ ಒಲೆ ಬರುತ್ತದೆ, ಕಾರಂಜಿಯ ಬಣ್ಣದ ದೀಪ ಮುಂದಿನ ವರ್ಷ ನೋಡೋಣ, ಈ ವರ್ಷ ಬರೀ ನೀರು ಹಾರಲಿ ಎಂದರು. ಹಾಳೆಯ ಕೊನೆಯ ಕಾಲಂಗೆ ಬೇರೆ ಹೆಸರು ಹುಡುಕುವಂತೆ ಸಾಹೇಬರಿಗೆ ಹೇಳಿ ಹೊರಟರು. ಚೂರಮ್ಮನ ಹೊಟ್ಟೆ ತಣ್ಣಗಾಯಿತು. ಗಂಡ ಬಾಗಿಲಲ್ಲೇ ನಿಂತು ಒಂದು ಲೋಟ ನೀರು ಕುಡಿದು, ತಂಗಿಯ ತಲೆ ಸವರಿ, ಸೈಕಲ್ಲಿನ ಯಜಮಾನ ಹುಡುಕಿಕೊಂಡು ಬರುವ ಮೊದಲು ಅದನ್ನು ಅಂಗಡಿಗೆ ಸೇರಿಸಲು ಓಡಿದ.

ಉಳಿದವರು ಇಬ್ಬರೇ. ಬೋರಲು ಹಾಕಿದ ಪಾತ್ರೆಗಳ ಮೇಲೆ ಕೂತು ಅವರು ತಳದಲ್ಲಿದ್ದ ಅನ್ನ, ಬೇಳೆ ಹಾಕಿಕೊಂಡು ತಿಂದರು. ಚೆನ್ನಾಗಿತ್ತು. ಉಪ್ಪು ಒಂದು ಕಲ್ಲು ಹೆಚ್ಚು, ಆದರೆ ಚೆನ್ನಾಗಿತ್ತು. ಚೂರಮ್ಮ ಅದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಾದಿನಿಯೇ ಮಾತು ತೆಗೆದಳು.

"ಅತ್ತಿಗೆ, ನನಗೆ ಗೊತ್ತಿತ್ತು."

"ಏನು?"

"ಆ ಪತ್ರ ಕೊಟ್ಟ ದಿನಾನೇ ಗೊತ್ತಾಯ್ತು. ಸಾಹೇಬ್ರು ಮೈಕಲ್ಲಿ 'ಸಾಮಾನು ಉಳಿಸಿದ್ದಕ್ಕೆ' ಅಂದ್ರು. ನಾನು ಯಾವ ಸಾಮಾನೂ ಉಳಿಸಿರಲಿಲ್ಲ. ಸುಮ್ನಿದ್ದೆ. ಎಲ್ಲರೂ ಚಪ್ಪಾಳೆ ಹೊಡೀತಿದ್ರು ಅತ್ತಿಗೆ, ನನಗೆ ಯಾರೂ ಯಾವತ್ತೂ ಹೊಡೆದಿರಲಿಲ್ಲ. ಆಮೇಲೆ ಒಲೆ ಕೇಳೋದೂ ನಿಲ್ಲಿಸಿದೆ. ಒಲೆ ಬಂದ್ರೆ ಅನ್ನ ಉಳಿಯಲ್ಲ, ಉಳೀದಿದ್ರೆ ಯಾಕೆ ಅಂತ ಕೇಳ್ತಾರೆ." ತಟ್ಟೆಯಲ್ಲಿ ಬೆರಳಾಡಿಸಿದಳು. "ನಿಮ್ಮ ಅಡುಗೆಮನೆ ಮುಚ್ಚುತ್ತಾರೆ ಅಂತಾನೂ ನಿಮಗಿಂತ ಮೊದಲು ಗೊತ್ತಾಗಿತ್ತು."

ಚೂರಮ್ಮನ ಕೈಯ ತುತ್ತು ಕೈಯಲ್ಲೇ ನಿಂತಿತು. ಸಿಟ್ಟು ಬಂತು, ಕಣ್ಣು ಕತ್ತಲಿಡುವಷ್ಟು. ಇವಳಿಗಾಗಿ ತಾನು ಪಣ ಇಟ್ಟದ್ದೇನು, ಐದು ಗಂಟೆಗೆ ಎದ್ದದ್ದೇನು! ತಟ್ಟೆ ಎತ್ತಿ ಮುಖಕ್ಕೆ ಎರಚಿಬಿಡಲೇ ಅನ್ನಿಸಿತು. ಅನ್ನ ಎರಚುವ ಕೈ ಅವಳದ್ದಲ್ಲವಾದ್ದರಿಂದ ತುತ್ತನ್ನು ಬಾಯಿಗಿಟ್ಟು ಅಗಿದಳು. ಅಗಿಯುವಷ್ಟು ಹೊತ್ತು ಅವಳಿಗೆ ಸೇತುವೆಯ ಮೇಲಿನ ಆ ಮಂಗಳವಾರ ನೆನಪಾಯಿತು.

"ನನ್ನ ವಿಷಯ ಬಿಡು," ಎಂದಳು ಕೊನೆಗೆ. "ನಿನ್ನ ಕೆಲಸ ಹೋಗುತ್ತೆ ಅಂತ ಗೊತ್ತಾದ ದಿನ ನಾನು ದಾರಿಯುದ್ದಕ್ಕೂ ನಗ್ತಾ ಮನೆಗೆ ಹೋದೆ. ಅದಕ್ಕೂ ಇದಕ್ಕೂ ಸರಿಹೋಯ್ತು."

ನಾದಿನಿ ಮುಖ ಎತ್ತಿದಳು. ಏನೋ ಹಗುರಾದ ಹಾಗೆ ಉಸಿರು ಬಿಟ್ಟಳು.

"ಆದ್ರೆ ಮುನ್ನೂರು ಮಕ್ಕಳು ಎರಡು ವರ್ಷ ಆ ಗಾರೆಯಂಥ ಅನ್ನ ತಿಂದ್ರಲ್ಲೇ. ನಿನಗೆ ಗೊತ್ತಿದ್ದೂ. ಅದನ್ನ ನಾನು ಬಿಡೋಕೆ ಬರಲ್ಲ. ಕ್ಷಮಿಸೋ ಹಕ್ಕು ನನ್ನದಲ್ಲ, ಆ ಮಕ್ಕಳದ್ದು."

ನಾದಿನಿ ಅತ್ತಳು. ಸದ್ದಿಲ್ಲದೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ. ಚೂರಮ್ಮ ಸಮಾಧಾನ ಮಾಡಲಿಲ್ಲ. ತನ್ನ ತಟ್ಟೆ ತೊಳೆದಳು, ಅವಳ ತಟ್ಟೆಯನ್ನೂ ತೊಡೆಯಿಂದ ಎತ್ತಿ ತೊಳೆದಳು.

"ನಾನೇನು ಮಾಡ್ಲಿ ಅತ್ತಿಗೆ?"

"ನಾಳೆಯಿಂದ ಕಿಂಡೀಲಿ ನೀನೇ ನಿಂತ್ಕೊ. ಒಬ್ಬೊಬ್ಬರ ಮುಖ ನೋಡಿ ಬಡಿಸು."

"ನೀವು ಬರ್ತೀರಾ? ನಾಳೆ ಒಂದಿನ?"

"ಇಲ್ಲ," ಎಂದು ಚೂರಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡು, ಮೊಣಕಾಲು ನೀವಿಕೊಂಡು ಎದ್ದಳು. "ನನ್ನ ಮಕ್ಕಳು ಕಾಯ್ತಿರ್ತಾವೆ."